ಎಂಜಲಿನ ಪರೀಕ್ಷೆ ‘ಇಲ್ಲ’ ಎಂದರೆ ಇಲ್ಲವೇ?

ಪ್ರಶ್ನೆ: ನನಗೆ 34 ವರ್ಷ, ನ್ಯೂಜೆರ್ಸಿಯಲ್ಲಿದ್ದೇನೆ. ಹಾಸನದಲ್ಲಿರುವ ಅಮ್ಮನಿಗೆ 46ರಲ್ಲಿ ಸ್ತನ ಕ್ಯಾನ್ಸರ್ ಆಯಿತು, ಚಿಕಿತ್ಸೆಯಾಗಿ ಈಗ ಚೆನ್ನಾಗಿದ್ದಾರೆ. ಚಿಕ್ಕಮ್ಮ ಅದೇ ಕಾಯಿಲೆಯಲ್ಲಿ 39ಕ್ಕೇ ಹೋಗಿಬಿಟ್ಟರು. ವಂಶಮೂಲ ತಿಳಿಸುವ ಕಿಟ್ ಒಂದನ್ನು ಯಜಮಾನರು ತರಿಸಿಕೊಟ್ಟಿದ್ದರು. ಎಂಜಲು ತುಂಬಿಸಿ ಕಳಿಸಿದೆ. ಸ್ತನ ಕ್ಯಾನ್ಸರ್ ತರಬಲ್ಲ ಬಿಆರ್‌ಸಿಎ ಜೀನ್ ದೋಷ ಕಂಡುಬಂದಿಲ್ಲ ಎಂದು ಬಂತು. ಭಾರತೀಯರಿಗೆ ಈ ಕ್ಯಾನ್ಸರ್ ಕಡಿಮೆ ಅಂತ ಆಫೀಸಿನ ಗೆಳತಿಯೂ ಹೇಳಿದಳು. ಚಿಂತೆ ಬಿಡಬಹುದೇ? ಅಮ್ಮನಿಗೂ ಪರೀಕ್ಷೆ ಮಾಡಿಸೋಣ ಅಂದರೆ, ‘ನಿನ್ನ ತಂಗಿಗೆ ಗಂಡು ನೋಡ್ತಿದ್ದೀವಿ, ಈಗ ಯಾಕೆ ಇದೆಲ್ಲ’ ಅಂತ ಅಪ್ಪ ರೇಗುತ್ತಾರೆ.

ಉತ್ತರ: ಆ ವರದಿಯನ್ನು ಇನ್ನೊಮ್ಮೆ ತೆಗೆದು ಸಣ್ಣ ಅಕ್ಷರಗಳನ್ನು ಓದಿ. ಎಷ್ಟು ದೋಷಗಳನ್ನು ಹುಡುಕಿದ್ದಾರೆಂದು ಅಲ್ಲಿರುತ್ತದೆ. ಇಂಥ ಕಿಟ್‌ಗೆ ಅಮೆರಿಕದಲ್ಲಿ 2018ರಲ್ಲಿ ಮೊದಲು ಅನುಮತಿ ಸಿಕ್ಕಿದ್ದು ಮೂರೇ ಮೂರು ದೋಷಗಳಿಗೆ. ಬಿಆರ್‌ಸಿಎ ಒಂದು ಮತ್ತು ಎರಡು ಜೀನ್‌ಗಳಲ್ಲಿ ಅಪಾಯಕಾರಿ ದೋಷಗಳು ಸಾವಿರಾರಿವೆ. ಆ ಮೂರನ್ನೇ ಆರಿಸಿದ್ದು ಅವು ಅಶ್ಕೆನಾಜಿ ಯಹೂದಿಗಳಲ್ಲಿ ಹೆಚ್ಚೆಂದು. ಅವರಲ್ಲಿ ಸುಮಾರು 40 ಜನರಿಗೆ ಒಬ್ಬರಲ್ಲಿ ಇವುಗಳಲ್ಲೊಂದು ಇರುತ್ತದೆ. ಶತಮಾನಗಳ ಕಾಲ ತಮ್ಮೊಳಗೇ ಹೆಣ್ಣು ಕೊಟ್ಟು ತಂದುಕೊಂಡ ಸಣ್ಣ ಸಮುದಾಯದಲ್ಲಿ ಯಾರೋ ಒಬ್ಬ ಹಿರಿಯರ ದೋಷ ಮನೆಮನೆಗೂ ಹಂಚಿಹೋಗುತ್ತದೆ. ಐಸ್‌ಲ್ಯಾಂಡಿನಲ್ಲೂ ಹೀಗೇ ಒಂದು ಬೇರೂರಿದೆ. ಆ ಮೂರರಲ್ಲೊಂದು ದಕ್ಷಿಣ ಭಾರತದ ಕುಟುಂಬಗಳಲ್ಲೂ ಸಿಕ್ಕಿದೆ, ನಿಜ. ಆದರೆ ನಮ್ಮವರಲ್ಲಿ ಕಂಡಿರುವ ಇನ್ನೆಷ್ಟೋ ದೋಷಗಳು ಆ ಪಟ್ಟಿಯಲ್ಲೇ ಇಲ್ಲ. ಹಾಸನದಲ್ಲಿ ಕಳೆದ ಓಲೆಯನ್ನು ಅರಸೀಕೆರೆಯಲ್ಲಿ ಹುಡುಕಿ ಸಿಗಲಿಲ್ಲ ಅಂದ ಹಾಗಾಯಿತು.

ಗೆಳತಿ ಹೇಳಿದ್ದು ಸುಳ್ಳಲ್ಲ. ಲಕ್ಷ ಹೆಂಗಸರಲ್ಲಿ ವರ್ಷಕ್ಕೆ ಭಾರತದಲ್ಲಿ ಸುಮಾರು 26 ಮಂದಿಗೆ ಈ ಕ್ಯಾನ್ಸರ್ ಬಂದರೆ ಅಮೆರಿಕದಲ್ಲಿ 90ಕ್ಕೂ ಹೆಚ್ಚು. ಈ ಅಂತರದಲ್ಲಿ ಎಷ್ಟನೇ ವಯಸ್ಸಿಗೆ ಹೆತ್ತರು, ಎಷ್ಟು ದಿನ ಹಾಲೂಡಿಸಿದರು, ಮೈತೂಕ ಎಷ್ಟು ಎಂಬುದರ ಪಾಲೇ ದೊಡ್ಡದು. ಏಷ್ಯಾದಿಂದ ಅಲ್ಲಿಗೆ ಹೋಗಿ ನೆಲೆಸಿದವರಲ್ಲಿ ತಲೆಮಾರು ಕಳೆದಂತೆ ಲೆಕ್ಕ ಏರಿದೆ. ಕಡಿಮೆ ಬರುತ್ತದೆ ಎಂದರೆ ಅಪಾಯ ಕಡಿಮೆ ಎಂದೂ ಅಲ್ಲ. ಅಮೆರಿಕದ ಕಪ್ಪು ಹೆಂಗಸರನ್ನೇ ನೋಡಿ: ಬಿಳಿಯರಿಗಿಂತ ಅವರಿಗೆ ಈ ಕ್ಯಾನ್ಸರ್ ಬರುವುದು ತುಸು ಕಡಿಮೆ, ಸಾಯುವುದು ಸುಮಾರು ಶೇ 40ರಷ್ಟು ಹೆಚ್ಚು. ಹಾರ್ಮೋನ್ ಮಾತ್ರೆಗೆ ಬಗ್ಗದ ‘ಟ್ರಿಪಲ್ ನೆಗೆಟಿವ್’ ಬಗೆ ಅವರಲ್ಲಿ ಎರಡು ಪಟ್ಟು. ಈ ಹೆಚ್ಚಿನ ಸಾವಿನಲ್ಲಿ ಪಶ್ಚಿಮ ಆಫ್ರಿಕಾದ ವಂಶಮೂಲದ ಪಾಲೂ ಇದೆ, ತಡವಾಗಿ ಸಿಗುವ ಚಿಕಿತ್ಸೆಯ ಪಾಲೂ ಇದೆ. ಜನಾಂಗದ ಸರಾಸರಿ ಸರ್ಕಾರಕ್ಕೆ ಬೇಕಾದ ಲೆಕ್ಕ. ನಿಮಗೆ ಬೇಕಾದ್ದು ನಿಮ್ಮ ಅಜ್ಜಿಯ ಮನೆಯ ಲೆಕ್ಕ, ಅಲ್ಲಿ ಅಕ್ಕತಂಗಿ ಇಬ್ಬರಿಗೂ 50ರೊಳಗೇ ಬಂದಿದೆ.

ಹಾಗಾಗಿ ಮೊದಲು ಪರೀಕ್ಷೆಯಾಗಬೇಕಾದವರು ಅಮ್ಮ. ಎಂಜಲಿನ ಕಿಟ್ ಅಲ್ಲ, ಎರಡೂ ಜೀನ್‌ಗಳನ್ನು ಪೂರ್ತಿ ಓದುವ ಪರೀಕ್ಷೆ. ಅವರಲ್ಲಿ ದೋಷ ಸಿಕ್ಕರೆ ನಿಮ್ಮಲ್ಲಿ ಅದೊಂದನ್ನೇ ನೋಡಿದರಾಯಿತು. ಆ ದೋಷ ನಿಮಗೂ ಬಂದಿರುವ ಸಂಭವ ಅರ್ಧಕ್ಕರ್ಧ. ‘ಅರ್ಥ ಖಚಿತವಿಲ್ಲದ ಬದಲಾವಣೆ’ ಎಂದು ಬಂದರೆ ಗಾಬರಿಯಾಗಬೇಡಿ. ಹೋಲಿಸಿ ನೋಡುವ ದತ್ತಾಂಶದಲ್ಲಿ ಯೂರೋಪಿನವರೇ ತುಂಬಿಕೊಂಡಿರುವುದರಿಂದ ನಮ್ಮವರಿಗೆ ಈ ಉತ್ತರ ಹೆಚ್ಚಾಗಿ ಸಿಗುತ್ತದೆ. ಅದರ ಮೇಲೆ ಯಾರೂ ಆಪರೇಷನ್ ಮಾಡಿಸಿಕೊಳ್ಳಬಾರದು.

ಅಪ್ಪನ ಹತ್ತಿರ ತಂಗಿಯ ಸುದ್ದಿ ಎತ್ತಬೇಡಿ, ಅಮ್ಮನ ಸುದ್ದಿ ಎತ್ತಿ. ದೋಷವಿದ್ದರೆ ಅಮ್ಮನ ಇನ್ನೊಂದು ಸ್ತನಕ್ಕೂ ಅಂಡಾಶಯಕ್ಕೂ ಅಪಾಯವಿದೆ, ಅದನ್ನು ಮೊದಲೇ ತಪ್ಪಿಸಲು ದಾರಿಗಳಿವೆ. ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದು ಉಳಿಸಿಕೊಂಡ ಮನುಷ್ಯ ಈ ಮಾತಿಗೆ ಕಿವಿಗೊಡುತ್ತಾರೆ. ಫಲಿತಾಂಶ ಅಮ್ಮನದು. ಅದನ್ನು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಕಿಲ್ಲ. ತಂಗಿಗೆ ಮಾತ್ರ ತಿಳಿಯಲಿ.

ಅಲ್ಲಿಯವರೆಗೆ ನೀವು ಸುಮ್ಮನೆ ಕಾಯಬೇಡಿ. ಅಲ್ಲಿನ ವೈದ್ಯರಿಗೆ ಅಮ್ಮನ 46, ಚಿಕ್ಕಮ್ಮನ 39 ಎರಡನ್ನೂ ಹೇಳಿ, ನಿಮಗೆ ತಪಾಸಣೆ ಯಾವಾಗ ಶುರುವಾಗಬೇಕೆಂದು ಕೇಳಿ. ಚಿಕ್ಕಮ್ಮನ ಬಯಾಪ್ಸಿ ವರದಿ ಚಿಕ್ಕಪ್ಪನ ಬೀರುವಿನಲ್ಲಿ ಇನ್ನೂ ಇದ್ದರೆ ಫೋಟೊ ತೆಗೆದು ಕಳಿಸಲು ಹೇಳಿ.