ಅಳಿಯುತ್ತಿರುವ ಉರಾಲಿಕ್ ಭಾಷೆಗಳ ಅಧ್ಯಯನ

ನಾರ್ವೆಯ ಉತ್ತರ ತೀರದಿಂದ ಸೈಬೀರಿಯದ ಹಿಮಪ್ರದೇಶದವರೆಗೆ ಹಬ್ಬಿರುವ ಒಂದು ಭಾಷಾವರ್ಗಕ್ಕೆ ಪಂಡಿತರು ಉರಾಲಿಕ್ ಎಂದು ಹೆಸರಿಟ್ಟಿರುವರು. ಇದರಲ್ಲಿ ಹಂಗೇರಿಯನ್, ಫಿನ್ನಿಷ್, ಎಸ್ತೋನಿಯನ್ ಈ ಮೂರಕ್ಕೆ ಮಾತ್ರ ಸ್ವತಂತ್ರ ರಾಷ್ಟ್ರಗಳ ಆಶ್ರಯವುಂಟು. ಸಾಮಿ, ನೆನೆತ್ಸ್, ಮಾನ್ಸಿ, ವೋತಿಕ್ ಮೊದಲಾದ ಉಳಿದವು ಬೇರೆ ಬೇರೆ ಪ್ರಮಾಣದಲ್ಲಿ ಅಳಿವಿನ ಭಯವನ್ನು ಎದುರಿಸುತ್ತಿವೆ.

ಈ ಭಾಷೆಗಳ ಹೆಸರು ದ್ರಾವಿಡ ಭಾಷಾಶಾಸ್ತ್ರದ ವಿದ್ಯಾರ್ಥಿಗೆ ತೀರ ಅಪರಿಚಿತವಲ್ಲ. 1856ರಲ್ಲಿ ಪ್ರಕಟವಾದ ತಮ್ಮ ತೌಲನಿಕ ವ್ಯಾಕರಣದಲ್ಲಿ ಕಾಲ್ಡ್‌ವೆಲ್ಲರು ನಮ್ಮ ನುಡಿಗಳನ್ನು ಫಿನ್ನಿಷ್ ಮೊದಲಾದವುಗಳೊಡನೆ ಹೋಲಿಸಿದ್ದರು. ಅವು ಒಂದೇ ಮೂಲದವೆಂಬ ಊಹೆಯನ್ನು ಇಂದಿನ ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ರಚನೆಯ ಸಾಮ್ಯವು ಸುಳ್ಳಲ್ಲ. ಫಿನ್ನಿಷ್ ಭಾಷೆಯಲ್ಲಿ 'ತಾಲೊ' ಎಂದರೆ ಮನೆ; 'ತಾಲೊಸ್ಸ' ಎಂದರೆ ಮನೆಯಲ್ಲಿ; 'ತಾಲೊಯಿಸ್ಸ' ಎಂದರೆ ಮನೆಗಳಲ್ಲಿ. ಪ್ರಕೃತಿ, ಬಹುವಚನ, ವಿಭಕ್ತಿ ಇವು ಕನ್ನಡದ ಕ್ರಮದಲ್ಲಿಯೇ ಬರುವುದನ್ನು ಗಮನಿಸಬಹುದು. ಸಾಮ್ಯ ಬೇರೆ, ಸಂಬಂಧ ಬೇರೆ ಎಂಬ ವಿವೇಕವೇ ಇಲ್ಲಿಯ ಮೊದಲ ಪಾಠ.

ಭಾಷೆಯು ಅಳಿಯುವುದೆಂದರೆ ಏನು? ಸಯಾನ್ ಪರ್ವತದ ಬಳಿಯ ಕಾಮಾಸ್ ಭಾಷೆಯನ್ನು ನೋಡೋಣ. ಫಿನ್ಲೆಂಡಿನ ಕಾಸ್ಟ್ರೇನ್ 1840ರ ದಶಕದಲ್ಲಿ ರೋಗಪೀಡಿತರಾಗಿದ್ದರೂ ಸೈಬೀರಿಯದಲ್ಲಿ ಅಲೆದು ಅದನ್ನು ಬರೆದುಕೊಂಡರು. 1960ರ ದಶಕದಲ್ಲಿ ಎಸ್ತೋನಿಯದ ಆಗೊ ಕ್ಯುನ್ನಪ್ ಕ್ಲಾವ್ದಿಯಾ ಪ್ಲೋತ್ನಿಕೋವಾ ಎಂಬ ವೃದ್ಧೆಯ ಮಾತನ್ನು ಧ್ವನಿಮುದ್ರಿಸಿದರು. ಜೊತೆಗೆ ಮಾತನಾಡುವವರು ಯಾರೂ ಉಳಿದಿರಲಿಲ್ಲವಾದುದರಿಂದ ಆಕೆ ದೇವರ ಪ್ರಾರ್ಥನೆಯಲ್ಲಿ ಆ ನುಡಿಯನ್ನು ಬಳಸುತ್ತಿದ್ದಳೆಂದು ಹೇಳುವರು. 1989ರಲ್ಲಿ ಆಕೆ ತೀರಿಕೊಂಡಳು. ವ್ಯಾಕರಣ ಉಳಿಯಿತು, ಧ್ವನಿಮುದ್ರಿಕೆ ಉಳಿಯಿತು; ಮಾತು ಉಳಿಯಲಿಲ್ಲ.

ಇದಕ್ಕೆ ಕಾರಣ ಭಾಷೆಯ ಬಡತನವಲ್ಲ. ಹಿಮಸಾರಂಗವನ್ನು ಸಾಕುವ ಸಾಮಿ ಜನರಲ್ಲಿ ಆ ಪ್ರಾಣಿಯ ವಯಸ್ಸು, ಬಣ್ಣ, ಕೊಂಬುಗಳನ್ನೂ ಹಿಮದ ಸ್ಥಿತಿಯನ್ನೂ ಕುರಿತ ಶಬ್ದಸಂಪತ್ತು ಅಪಾರವಾಗಿದೆ. ಆದರೆ ನಾರ್ವೆಯಲ್ಲಿಯೂ ಸೋವಿಯತ್ ಒಕ್ಕೂಟದಲ್ಲಿಯೂ ಇಂತಹ ಜನರ ಮಕ್ಕಳು ವಸತಿಶಾಲೆಗಳಲ್ಲಿ ದೊಡ್ಡ ಭಾಷೆಯನ್ನೇ ಕಲಿತು, ಮನೆಮಾತಿನಿಂದ ದೂರವಾದರು. ತಾಯಿತಂದೆಯರು ಮಕ್ಕಳ ಹಿತವನ್ನೆಣಿಸಿ ತಮ್ಮ ನುಡಿಯನ್ನು ಕಲಿಸದೆ ಬಿಟ್ಟುದೂ ಉಂಟು.

ಹಾಗಾದರೆ ವಿಶ್ವವಿದ್ಯಾನಿಲಯವು ಮಾಡಬಹುದಾದುದೇನು? ಹೆಲ್ಸಿಂಕಿ, ತಾರ್ತು, ವಿಯೆನ್ನಾ ಮುಂತಾದೆಡೆ ಫಿನ್ನೊ-ಉಗ್ರಿಕ್ ಭಾಷೆಗಳ ಉನ್ನತ ವ್ಯಾಸಂಗಕ್ಕೆ ಅವಕಾಶವಿದೆ. ಇಂತಹ ವ್ಯಾಸಂಗಕ್ಕೆ ತೌಲನಿಕ ವ್ಯಾಕರಣದೊಂದಿಗೆ ಜನಪದ ಸಂಸ್ಕೃತಿಯ ಪರಿಚಯವೂ, ಕ್ಷೇತ್ರಕಾರ್ಯದ ಅಭ್ಯಾಸವೂ ಬೇಕು. ಲಾತ್ವಿಯದ ಲಿವೋನಿಯನ್ ಭಾಷೆಯನ್ನು ಮಾತೃಭಾಷೆಯಾಗಿ ಕಲಿತವರಲ್ಲಿ ಕೊನೆಯವರೆನಿಸಿದ ಗ್ರಿಜೆಲ್ಡಾ ಕ್ರಿಸ್ತಿನ್ಯಾ 2013ರಲ್ಲಿ ಕೆನಡಾದಲ್ಲಿ ನಿಧನರಾದರು. ಆದರೂ 2018ರಲ್ಲಿ ಲಾತ್ವಿಯಾ ವಿಶ್ವವಿದ್ಯಾನಿಲಯವು ಆ ಭಾಷೆಗೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿತು.

ಇದಕ್ಕಿಂತ ಆಶಾದಾಯಕವಾದುದು ಫಿನ್ಲೆಂಡಿನ ಇನಾರಿ ಸಾಮಿಯ ಕಥೆ. ಅದನ್ನಾಡುವವರು ಕೆಲವು ನೂರು ಮಂದಿ ಮಾತ್ರ. 1997ರಲ್ಲಿ ಅಲ್ಲಿ 'ಭಾಷಾಗೂಡು' ಎಂಬ ಶಿಶುವಿಹಾರ ಆರಂಭವಾಯಿತು; ಅಲ್ಲಿ ಮಕ್ಕಳೊಡನೆ ಇನಾರಿ ಸಾಮಿಯಲ್ಲಿಯೇ ಮಾತನಾಡುವರು. ಆದರೆ ಕಲಿಸಬೇಕಾದ ನಡುವಯಸ್ಸಿನ ತಲೆಮಾರಿಗೇ ಭಾಷೆ ತಪ್ಪಿಹೋಗಿತ್ತು. ಆದುದರಿಂದ 2009-10ರಲ್ಲಿ ಔಲು ವಿಶ್ವವಿದ್ಯಾನಿಲಯದ ಸಹಕಾರದೊಡನೆ 17 ಮಂದಿ ವಯಸ್ಕರಿಗೆ ಒಂದು ವರ್ಷದ ಶಿಕ್ಷಣವನ್ನಿತ್ತರು. ಅವರು ತರಗತಿಯಲ್ಲಿ ಕಲಿತುದಲ್ಲದೆ ಹಿರಿಯರ ಮನೆಗೆ ಹೋಗಿ, ಅವರೊಡನೆ ಕೆಲಸದಲ್ಲಿ ಕೂಡಿ ಮಾತನ್ನು ರೂಢಿಸಿಕೊಂಡರು. ಅಜ್ಜಂದಿರಿಗೂ ಮೊಮ್ಮಕ್ಕಳಿಗೂ ನಡುವೆ ಕಡಿದ ಕೊಂಡಿ ಹೀಗೆ ಮತ್ತೆ ಬೆಸೆಯತೊಡಗಿತು.

ಕಾಮಾಸ್ ಭಾಷೆಗೂ ಇನಾರಿ ಸಾಮಿಗೂ ಇರುವ ಅಂತರವೇ ಈ ಅಧ್ಯಯನದ ತಿರುಳು. ಬರೆದಿಡುವುದು ಪಂಡಿತನ ಮೊದಲ ಕರ್ತವ್ಯ. ಬರೆದುದನ್ನು ಆ ಜನರಿಗೆ ಹಿಂದಿರುಗಿಸುವುದು ಎರಡನೆಯದು. ಮೊದಲನೆಯದರಿಂದ ಗ್ರಂಥಾಲಯವು ಶ್ರೀಮಂತವಾಗುವುದು. ಎರಡನೆಯದು ನಡೆದಾಗಲೇ ಒಂದು ಮಗುವಿನ ನಾಲಗೆಯ ಮೇಲೆ ನುಡಿ ನೆಲೆಗೊಳ್ಳುವುದು.