ಸಭಾಕಂಪನವೂ ಸಭೆಯ ಮಾತೂ

ಸ್ಪರ್ಧೆಯ ದಿನ ಬೆಳಗಿನವರೆಗೂ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದ ಭಾಷಣವು ವೇದಿಕೆಯನ್ನು ಏರಿದೊಡನೆ ಮೂರನೆಯ ವಾಕ್ಯಕ್ಕೇ ನಿಂತುಹೋಗುವುದುಂಟು. ಅಂಗೈ ಬೆವರುತ್ತದೆ, ನಾಲಗೆ ಒಣಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ವಿದ್ಯಾರ್ಥಿಮಿತ್ರರಲ್ಲಿ ಹಲವರಿಗೆ ಇದರ ಜೊತೆಗೆ ಇನ್ನೊಂದು ಅಳುಕೂ ಇರುತ್ತದೆ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಇಲ್ಲವೆ ಮನೆಯಲ್ಲಿ ಆಡುಗನ್ನಡ, ಪುಸ್ತಕದಲ್ಲಿ ಗ್ರಾಂಥಿಕ ಕನ್ನಡ. ಎಲ್ಲಿ ತಪ್ಪು ನುಡಿದೇವೋ ಎಂಬ ಶಂಕೆ. "ವಾಕ್ಚಾತುರ್ಯವು ಹುಟ್ಟಿನಿಂದ ಬರತಕ್ಕದ್ದು, ಅದು ನನಗಿಲ್ಲ" ಎಂದು ಒಮ್ಮೆ ಸೋತವರು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನವು ಅವಸರದ್ದೆಂದು ನಮ್ಮ ಅಭಿಪ್ರಾಯ.

ಸಭಾಕಂಪನವು ರೋಗವಲ್ಲ. ನಮ್ಮ ಮೂತ್ರಪಿಂಡಗಳ ಮೇಲ್ತುದಿಯಲ್ಲಿ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳಿವೆ. ಅಪಾಯದ ಸುಳಿವು ದೊರೆತೊಡನೆ ಮಿದುಳಿನ ಆಜ್ಞೆಯಂತೆ ಅವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಹೆಚ್ಚುತ್ತದೆ, ಉಸಿರು ಚುರುಕಾಗುತ್ತದೆ. ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಹೊಲದ ಬದುವಿನಲ್ಲಿ ಹಾವನ್ನು ಕಂಡವನಿಗೆ ಈ ಸಿದ್ಧತೆ ಬೇಕೇ ಬೇಕು. ನೂರು ಜೊತೆ ಕಣ್ಣುಗಳು ಒಮ್ಮೆಲೇ ತನ್ನತ್ತ ತಿರುಗಿದಾಗಲೂ ದೇಹವು ಅದನ್ನೇ ಮಾಡುತ್ತದೆ. ಗಂಟಲಿನ ಸ್ನಾಯುಗಳು ಬಿಗಿದು ಧ್ವನಿಯ ಶ್ರುತಿ ಏರುತ್ತದೆ. ಮೇಲುಸಿರಿನಿಂದ ವಾಕ್ಯವು ನಡುವೆಯೇ ತುಂಡಾಗುತ್ತದೆ. ನಾಲ್ಕಾರು ಸಲ ನಿಧಾನವಾಗಿ, ದೀರ್ಘವಾಗಿ ಉಸಿರು ಬಿಟ್ಟರೆ ಬಡಿತವು ಸ್ವಲ್ಪ ಇಳಿಯುತ್ತದೆ. ಪೂರ್ತಿ ಇಳಿಯಲೆಂದು ಕಾಯಬೇಕಾಗಿಲ್ಲ.

ಏಕೆಂದರೆ ಆ ನಡುಕವು ನಮಗೆ ತೋರಿದಷ್ಟು ಪರರಿಗೆ ಕಾಣುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ ಎಂಬವರು 2003ರಲ್ಲಿ ಈ ವಿಷಯದ ಪ್ರಯೋಗಗಳನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ತಾವು ಬಹಳ ಹೆದರಿದಂತೆ ಕಂಡೆವೆಂದು ಎಣಿಸಿದ್ದರು; ಕೇಳಿದವರಿಗೆ ಅವರು ಅಷ್ಟು ಹೆದರಿದಂತೆ ಕಂಡಿರಲಿಲ್ಲ. ಇನ್ನೊಂದು ಪ್ರಯೋಗದಲ್ಲಿ, ಒಳಗಿನ ಅಳುಕು ಹೊರಗೆ ಅಷ್ಟಾಗಿ ಕಾಣುವುದಿಲ್ಲವೆಂಬ ಸಂಗತಿಯನ್ನು ಕೆಲವರಿಗೆ ಮೊದಲೇ ವಿವರಿಸಲಾಯಿತು. ಅವರ ಭಾಷಣಗಳು ಉಳಿದವರವುಗಳಿಗಿಂತ ಉತ್ತಮವಾದವು. ಬರಿದೆ "ಹೆದರಬೇಡಿ" ಎಂಬ ಸಮಾಧಾನದಿಂದ ಅಂತಹ ಫಲ ದೊರೆಯಲಿಲ್ಲ. ನಮ್ಮ ಅಧ್ಯಾಪಕರೂ ಇದನ್ನು ಗಮನಿಸಬೇಕು.

ಪ್ರಯೋಗಶಾಲೆಯ ಮಾತು ಇಷ್ಟು. ನಿಪ್ಪಾಣಿಯಲ್ಲಿ ಇದಕ್ಕಿಂತ ಕಠಿಣವಾದ ಪರೀಕ್ಷೆಯೇ ನಡೆದಿದೆ. ಅಲ್ಲಿನ ತಂಬಾಕಿನ ಕಾರಖಾನೆಗಳಲ್ಲಿ ಧೂಳಿನ ನಡುವೆ ದುಡಿಯುತ್ತಿದ್ದ ಹೆಣ್ಣುಮಕ್ಕಳು ಕೂಲಿಗಾಗಿ, ಮರ್ಯಾದೆಯ ನಡವಳಿಕೆಗಾಗಿ ಸಂಘ ಕಟ್ಟಿ ಮುಷ್ಕರ ಹೂಡಿದರು. 'ಯುಗಾಂತರ' ಎಂಬ ಮಹಿಳೆಯರ ಚಲಚ್ಚಿತ್ರ ತಂಡವು ಸುಮಾರು ನಾಲ್ಕು ತಿಂಗಳು ಅವರೊಡನಿದ್ದು, ಅವರ ಮಾತುಗಳನ್ನು ಕೇಳಿ, ಅವರನ್ನೇ ಪಾತ್ರಧಾರಿಗಳನ್ನಾಗಿಸಿ 1982ರಲ್ಲಿ 'ತಂಬಾಕು ಚಾಕಿಲಾ ಊಬ ಆಲಿ' ಎಂಬ ಸಾಕ್ಷ್ಯಚಿತ್ರವನ್ನು ಹೊರತಂದಿತು. ಈ ಹೆಂಗಸರು ಭಾಷಣ ಸ್ಪರ್ಧೆಗಳ ವೇದಿಕೆಯಿಂದ ಬಂದವರಲ್ಲ. ಮಾಲೀಕನ ವಿರುದ್ಧ ಆಡಿದ ಒಂದು ಮಾತಿಗೆ ಮರುದಿನದ ಕೂಲಿಯೇ ಬೆಲೆಯಾಗಬಹುದಾಗಿತ್ತು. ಬಹುಮಾನ ತಪ್ಪೀತೆಂಬ ನಮ್ಮ ಭಯವು ಅದರ ಮುಂದೆ ಎಷ್ಟರದು? ಆದರೂ ಅವರು ಮಾತನಾಡಿದರು. ತಮ್ಮ ಕೈಗೆ ತಿಳಿದಿದ್ದ ಸಂಗತಿಯನ್ನು, ತಮ್ಮ ಬಾಯಿಗೆ ಒಗ್ಗಿದ ನುಡಿಯಲ್ಲಿ, ಅದೇ ಕಷ್ಟವನ್ನು ಉಂಡವರ ಮುಂದೆ ಹೇಳಿದರು. ಅವರ ಬಲವು ಇದರಲ್ಲಿತ್ತೆಂದು ನಾವು ತಿಳಿಯುತ್ತೇವೆ.

ವಿದ್ಯಾರ್ಥಿಯ ಭಾಷಣದಲ್ಲಿ ಸಾಮಾನ್ಯವಾಗಿ ಕೊರತೆಯಾಗುವುದೂ ಇದೇ. ಕೃಷ್ಣೆಯ ಪ್ರವಾಹವನ್ನು ಕುರಿತು ಒಬ್ಬನು ಮಾತನಾಡುತ್ತಾನೆನ್ನೋಣ. "ಎರಡು ಲಕ್ಷ ಕ್ಯೂಸೆಕ್ ನೀರು ಹರಿಯಿತು" ಎಂದರೆ ಸಭೆಯು ಆಕಳಿಸುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್, ಅಂದರೆ 14 ಲೀಟರಿನ ಎರಡು ಕೊಡ. "ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಲಕ್ಷಗಟ್ಟಲೆ ಕೊಡಗಳ ನೀರು ನಮ್ಮೂರ ಸೇತುವೆಯನ್ನು ದಾಟಿತು" ಎಂದು ನೋಡಿರಿ. 2019ರಲ್ಲಿ ಮನೆಯನ್ನು ಬಿಟ್ಟು ಹೊರಟವರು ಆ ಸಭೆಯಲ್ಲಿದ್ದರೆ ಅವರು ತಲೆಯೆತ್ತಿಯೇ ಎತ್ತುತ್ತಾರೆ.

ಧ್ವನಿಯ ವಿಷಯವಾಗಿ ಒಂದು ಮಾತು. ಬಯಲಿನಲ್ಲಿ ದೂರವು ಎರಡರಷ್ಟಾದರೆ ಶಬ್ದದ ತೀವ್ರತೆಯು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ಕೊನೆಯ ಸಾಲಿನವನನ್ನು ನೋಡಿ ಮಾತನಾಡಬೇಕು. ದೊಡ್ಡ ಕೊಠಡಿಯಲ್ಲಿಯಾದರೋ ಗೋಡೆಯಿಂದ ಮರಳಿದ ಶಬ್ದವು ಮುಂದಿನ ಅಕ್ಷರದ ಮೇಲೆ ಬಿದ್ದು ಕಲಸಿಹೋಗುತ್ತದೆ. ಅಲ್ಲಿ ಕೂಗುವುದರಿಂದ ಪ್ರಯೋಜನವಿಲ್ಲ, ನಿಧಾನವೇ ಬೇಕು.

ಇನ್ನು ಅಭ್ಯಾಸ. ಭಾಷಣವನ್ನೆಲ್ಲ ಕಂಠಪಾಠ ಮಾಡಿದವನಿಗೆ ಒಂದು ಪದ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಮೊದಲ ವಾಕ್ಯವನ್ನು ಮಾತ್ರ ಬಾಯಿಪಾಠ ಮಾಡಿ, ಉಳಿದುದಕ್ಕೆ ನಾಲ್ಕು ಮಾತುಗಳ ಚೀಟಿಯೊಂದನ್ನು ಇಟ್ಟುಕೊಂಡರೆ ಸಾಕು. ಕನ್ನಡಿಯ ಮುಂದೆ ನಿಲ್ಲುವ ಪದ್ಧತಿಯಲ್ಲಿ ನಮಗೆ ಹೆಚ್ಚು ವಿಶ್ವಾಸವಿಲ್ಲ. ಕನ್ನಡಿಯು ಪ್ರಶ್ನೆ ಕೇಳುವುದಿಲ್ಲ. ಮೊದಲು ಮನೆಯ ಮಾತಿನಲ್ಲಿಯೇ, ಅದು ಮರಾಠಿಯಾದರೂ ಚಿಂತೆಯಿಲ್ಲ, ವಿಷಯವನ್ನು ಅಜ್ಜಿಗೆ ಹೇಳಬೇಕು. ಅಜ್ಜಿಯು ಎಲ್ಲಿ "ಏನಂದಿ?" ಎಂದು ಕೇಳುತ್ತಾಳೆಯೋ ಅಲ್ಲಿ ಒಂದು ಗುರುತು ಹಾಕಿಕೊಂಡು ತಿದ್ದಬೇಕು. ಅನಂತರ ಐದಾರು ಗೆಳೆಯರ ಮುಂದೆ, ಅದಾದ ಮೇಲೆ ತರಗತಿಯ ಮುಂದೆ. ಪ್ರತಿ ಸಲವೂ ಹೃದಯವು ಬಡಿದುಕೊಳ್ಳುತ್ತದೆ. ನಾಲ್ಕನೆಯ ಸಲ, ಮಾತು ಆರಂಭವಾಗಿ ಸ್ವಲ್ಪ ಹೊತ್ತಿನಲ್ಲಿಯೇ, ಅದು ಮರೆತುಹೋಗಿರುತ್ತದೆ.