ನಡಿಗೆಯ ನಂತರದ ಹಸಿವು: ಯಾವುದು ಸಹಜ, ಯಾವುದು ಅಪಾಯ?

ಫಜ್ರ್ ನಮಾಝ್ ಮುಗಿಸಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಬರಿಹೊಟ್ಟೆಯಲ್ಲಿ ಮುಕ್ಕಾಲು ಗಂಟೆ ನಡೆದು ಬರುವವರು ನಮ್ಮಲ್ಲಿ ಅನೇಕರಿದ್ದಾರೆ. ಮನೆ ಸೇರುವಾಗ ಕೆಲವರಿಗೆ ತಡೆಯಲಾರದ ಹಸಿವು. ಸಿಕ್ಕಿದ್ದನ್ನೆಲ್ಲ ತಿನ್ನುತ್ತಾರೆ. ನಂತರ ಪರೀಕ್ಷಿಸಿದರೆ ಸಕ್ಕರೆ ಏರಿರುತ್ತದೆ. ‘ನಡೆದು ಪ್ರಯೋಜನವಿಲ್ಲ’ ಎಂದು ನಡಿಗೆಯನ್ನೇ ಬಿಡುತ್ತಾರೆ. ಆದರೆ ತಪ್ಪು ನಡಿಗೆಯದ್ದಲ್ಲ.

ಹಸಿವಿನ ಹಾರ್ಮೋನುಗಳು

ಹೊಟ್ಟೆ ಖಾಲಿಯಾದಾಗ ಜಠರವು ಗ್ರೆಲಿನ್ ಎಂಬ ಹಾರ್ಮೋನನ್ನು ಸ್ರವಿಸಿ ಮೆದುಳಿಗೆ ಹಸಿವಿನ ಸಂದೇಶ ಕಳುಹಿಸುತ್ತದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಪತ್ತೆಹಚ್ಚಿದರು. ಉಂಡ ಮೇಲೆ ಕರುಳಿನಿಂದ ಬರುವ ಜಿಎಲ್‌ಪಿ-1 ಮತ್ತು ಪಿವೈವೈ ಹಾರ್ಮೋನುಗಳು ‘ಸಾಕು’ ಎನ್ನುತ್ತವೆ. ಬಿರುಸಿನ ವ್ಯಾಯಾಮದಿಂದ ಗ್ರೆಲಿನ್ ಸ್ವಲ್ಪ ಹೊತ್ತು ತಗ್ಗುತ್ತದೆ, ಉಳಿದೆರಡು ಏರುತ್ತವೆ. ಸಾಧಾರಣ ನಡಿಗೆಯಲ್ಲಿ ಈ ಬದಲಾವಣೆ ಅಲ್ಪ. ಹೇಗಿದ್ದರೂ, ನಡೆದ ಕೂಡಲೇ ವಿಪರೀತ ಹಸಿವಾದರೆ ಅದನ್ನು ಸಂಶಯದಿಂದ ನೋಡಬೇಕು.

ಸಕ್ಕರೆ ಇಳಿದಾಗ

ದುಡಿಯುವ ಸ್ನಾಯುಗಳು ರಕ್ತದ ಗ್ಲೂಕೋಸನ್ನು ಹೀರಿಕೊಳ್ಳುತ್ತವೆ. ಆರೋಗ್ಯವಂತರಲ್ಲಿ ಆಗ ಇನ್ಸುಲಿನ್ ತಾನಾಗಿ ತಗ್ಗುತ್ತದೆ. ಆದರೆ ಚುಚ್ಚಿಕೊಂಡ ಇನ್ಸುಲಿನ್, ಗ್ಲಿಮೆಪಿರೈಡ್‌ನಂತಹ ಮಾತ್ರೆಗಳು ತಮ್ಮ ಕೆಲಸ ಮುಂದುವರಿಸುತ್ತವೆ. ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ಆಗ ಮೆದುಳು ಆಹಾರಕ್ಕಾಗಿ ಕೂಗಿಕೊಳ್ಳುತ್ತದೆ. ಹಸಿವಿನ ಜೊತೆ ಬೆವರು, ಕೈನಡುಕ, ಎದೆಬಡಿತ, ಮಂಕು, ಸಿಡುಕು ಕಂಡರೆ ಅದು ಬರಿಯ ಹಸಿವಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಲ್ಲಿ ಇದು ಅಪರೂಪ.

ಏನು ಮಾಡಬೇಕು?

ಮೊದಲು ಗ್ಲುಕೋಮೀಟರಿನಲ್ಲಿ ಪರೀಕ್ಷಿಸಿ. 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್ ಅಥವಾ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಯಿರಿ. 15 ನಿಮಿಷ ಬಿಟ್ಟು ಪುನಃ ಪರೀಕ್ಷಿಸಿ. ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಗ್ಲುಕೋಮೀಟರ್ ಇಲ್ಲದಿದ್ದರೆ ಲಕ್ಷಣ ಕಂಡ ಕೂಡಲೇ ಕುಡಿಯಿರಿ, ಕಾಯಬೇಡಿ. ತುಪ್ಪದ ಸಿಹಿತಿಂಡಿ, ಚಾಕಲೇಟು ಬೇಡ. ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಮಾತ್ರೆ ಸೇವಿಸುವವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯದೆ ಆಸ್ಪತ್ರೆಗೆ ಒಯ್ಯಿರಿ.

ಸಕ್ಕರೆ ಸರಿಯಾಗಿದ್ದರೆ ನೀರು ಕುಡಿದು ಸ್ವಲ್ಪ ಹೊತ್ತು ಕಾಯಿರಿ, ಬಳಿಕ ಎಂದಿನಷ್ಟೇ ಉಪಾಹಾರ ಸೇವಿಸಿ.

ರಮಝಾನಿನಲ್ಲಿ

ಇಫ್ತಾರಿಗೆ ಮುಂಚಿನ ಗಂಟೆಗಳಲ್ಲಿ ಬಿರುಸಿನ ವ್ಯಾಯಾಮ ಬೇಡ. ತರಾವೀಹ್ ನಮಾಝನ್ನೂ ದಿನದ ವ್ಯಾಯಾಮದ ಲೆಕ್ಕಕ್ಕೆ ಸೇರಿಸಿಕೊಳ್ಳಿ. ರಕ್ತ ಪರೀಕ್ಷೆಗಾಗಿ ಬೆರಳು ಚುಚ್ಚುವುದರಿಂದ ಉಪವಾಸ ಮುರಿಯುವುದಿಲ್ಲ. ಸಕ್ಕರೆ 70ಕ್ಕಿಂತ ಇಳಿದರೆ ಮಗ್ರಿಬ್‌ಗೆ ಕಾಯದೆ ಉಪವಾಸ ಬಿಡಬೇಕು. ರೋಗಿಗಳಿಗೆ ಅಲ್ಲಾಹನೇ ಈ ರಿಯಾಯಿತಿ ನೀಡಿದ್ದಾನೆ.

ನಡಿಗೆಯ ನಂತರ ಸಕ್ಕರೆ ಮತ್ತೆ ಮತ್ತೆ ಇಳಿಯುತ್ತಿದ್ದರೆ ನಡಿಗೆ ನಿಲ್ಲಿಸಬೇಡಿ, ಮಾತ್ರೆಯನ್ನು ನೀವಾಗಿ ಬಿಡಲೂ ಬೇಡಿ. ಪರೀಕ್ಷೆಯ ಅಂಕಿಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ. ಔಷಧಿಯ ಪ್ರಮಾಣವನ್ನೋ ಸಮಯವನ್ನೋ ಅವರು ಬದಲಿಸಿಕೊಡುತ್ತಾರೆ. ಶರೀರವು ನಮ್ಮ ಬಳಿಯಿರುವ ಅಮಾನತ್ತು. ಅದರ ಕರೆಯನ್ನು ಸರಿಯಾಗಿ ಅರಿತು ಓಗೊಡುವುದು ನಮ್ಮ ಹೊಣೆ.